ಒಬ್ಬರಿಗೆ ಮಾಸ್ಟರ್‌ಪೀಸ್, ಇನ್ನೊಬ್ಬರಿಗೆ ಮದುವೆ ವಿಡಿಯೊ: '28 ಡೇಸ್ ಲೇಟರ್' ಬಗ್ಗೆ ಯಾರ ಮಾತು ಕೇಳೋಣ?

ಪ್ರಶ್ನೆ: ಮೇಡಂ, ನಾವು ಆರು ಜನ ಗೆಳೆಯರು ಹಾಸ್ಟೆಲ್ ರೂಮಿನಲ್ಲಿ '28 ಡೇಸ್ ಲೇಟರ್' ನೋಡಿದೆವು. ಮುಗಿದ ಮೇಲೆ ಜೋರು ವಾದ. ಒಬ್ಬ 'ಇಷ್ಟು ಭಯ ಹುಟ್ಟಿಸಿದ ಸಿನಿಮಾ ಇನ್ನೊಂದಿಲ್ಲ' ಅಂದ. ಇನ್ನೊಬ್ಬ 'ಪಿಕ್ಚರ್ ಕ್ಲಿಯರ್ ಇಲ್ಲ, ಹಳೇ ಮದುವೆ ವಿಡಿಯೊ ತರ ಇದೆ' ಅಂದ. ಮತ್ತೊಬ್ಬ 'ಇದು ಜಾಂಬಿ ಸಿನಿಮಾನೇ ಅಲ್ಲ' ಅಂದ. ಮೆಡಿಕಲ್ ಓದುತ್ತಿರುವವನು ಇಪ್ಪತ್ತು ಸೆಕೆಂಡಿನಲ್ಲಿ ಕೆಲಸ ಮಾಡುವ ವೈರಸ್ ನೋಡಿ ನಕ್ಕ. ನನಗಂತೂ ಮೊದಲ ಭಾಗ ತುಂಬಾ ಹಿಡಿಸಿತು, ಸೈನಿಕರು ಬಂದ ಮೇಲೆ ಬೋರಾಯಿತು. ನಾವೂ ಫೋನಿನಲ್ಲಿ ಒಂದು ವೈರಸ್ ಕಥೆಯ ಕಿರುಚಿತ್ರ ಮಾಡಬೇಕು ಅಂತಿದ್ದೇವೆ. ಕಡಿಮೆ ಬಜೆಟ್ಟಿನ ಇಂಥ ಸಿನಿಮಾಗಳ ಬಗ್ಗೆ ನೋಡುಗರ ಅಭಿಪ್ರಾಯ ಇಷ್ಟೊಂದು ಒಡೆಯುವುದೇಕೆ? ಯಾರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು?
– ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ:

ನಿಮ್ಮ ರೂಮಿನಲ್ಲಿ ಯಾರೂ ಸುಳ್ಳು ಹೇಳಿಲ್ಲ. ಈ ಸಿನಿಮಾವನ್ನು ಮೆಚ್ಚುವವರೂ ಬೈಯುವವರೂ ಹೆಚ್ಚಿನ ಸಲ ಬೆರಳಿಡುವುದು ಒಂದೇ ಜಾಗದ ಮೇಲೆ. ಚಿತ್ರ ಮಸುಕಾಗಿದೆ ಅನ್ನುವುದು ಇಬ್ಬರಿಗೂ ಕಾಣುತ್ತದೆ. ಒಬ್ಬರಿಗೆ ಅದು ಬಡತನ, ಇನ್ನೊಬ್ಬರಿಗೆ ಭಯ ಹುಟ್ಟುವುದೇ ಅಲ್ಲಿಂದ. ವೈರಸ್ಸಿನ ವೇಗ ಇಬ್ಬರಿಗೂ ಅತಿ ಅನಿಸುತ್ತದೆ. ಒಬ್ಬರು ನಗುತ್ತಾರೆ, ಇನ್ನೊಬ್ಬರು ಸೀಟಿನ ತುದಿಗೆ ಬರುತ್ತಾರೆ. ಹಾಗಾಗಿ ಯಾರು ಸರಿ ಅನ್ನುವ ಲೆಕ್ಕ ಬಿಡಿ. ನೀವೆಲ್ಲ ಬೆರಳಿಟ್ಟ ಜಾಗದಲ್ಲಿ ಏನಿದೆ ಅಂತ ಒಂದೊಂದಾಗಿ ನೋಡೋಣ. ನಾನು ಎಡಿಟಿಂಗ್ ಮಾಡುವವಳು, ಅದನ್ನೇ ಕಲಿಸುವವಳು. ನನ್ನ ಮಾತು ಆ ಕಡೆಗೇ ಸ್ವಲ್ಪ ವಾಲುತ್ತದೆ, ಸಹಿಸಿಕೊಳ್ಳಿ. ಕಥೆಯ ಗುಟ್ಟೆಲ್ಲ ಕೆಳಗೆ ಬಯಲಾಗುತ್ತದೆ. ಸಿನಿಮಾ ನೋಡದವರು ನೋಡಿ ಬಂದು ಓದಿ.

ಕಥೆ ಚಿಕ್ಕದು. ಕೇಂಬ್ರಿಜ್‌ನ ಒಂದು ಪ್ರಯೋಗಾಲಯಕ್ಕೆ ಪ್ರಾಣಿದಯೆಯ ಹೋರಾಟಗಾರರು ನುಗ್ಗಿ ಚಿಂಪಾಂಜಿಗಳನ್ನು ಬಿಡಿಸುತ್ತಾರೆ. ಆ ಚಿಂಪಾಂಜಿಗಳಲ್ಲಿ ಕೋಪ ಕೆರಳಿಸುವ ವೈರಸ್ ಇರುತ್ತದೆ. 28 ದಿನ ಕಳೆದ ಮೇಲೆ ಜಿಮ್ ಅನ್ನುವ ಯುವಕ ಲಂಡನ್ನಿನ ಆಸ್ಪತ್ರೆಯಲ್ಲಿ ಕೋಮಾದಿಂದ ಏಳುತ್ತಾನೆ. ಹೊರಗೆ ಬಂದರೆ ಊರಲ್ಲಿ ಯಾರೂ ಇಲ್ಲ. ಆಮೇಲೆ ಸೆಲೀನಾ ಸಿಗುತ್ತಾಳೆ, ಟ್ಯಾಕ್ಸಿ ಡ್ರೈವರ್ ಫ್ರ್ಯಾಂಕ್ ಮತ್ತು ಅವನ ಮಗಳು ಹಾನ್ನಾ ಸಿಗುತ್ತಾರೆ. ರೇಡಿಯೊದಲ್ಲಿ ಸೈನ್ಯದ ಸಂದೇಶ ಕೇಳಿ ನಾಲ್ವರೂ ಮ್ಯಾಂಚೆಸ್ಟರ್ ಕಡೆಗೆ ಹೊರಡುತ್ತಾರೆ. ನಿರ್ದೇಶನ ಡ್ಯಾನಿ ಬಾಯ್ಲ್, ಬರವಣಿಗೆ ಅಲೆಕ್ಸ್ ಗಾರ್ಲೆಂಡ್. ಜಿಮ್ ಪಾತ್ರದಲ್ಲಿ ಕಿಲಿಯನ್ ಮರ್ಫಿ. ಬ್ರಿಟನ್ನಿನಲ್ಲಿ 2002ರ ನವೆಂಬರಿನಲ್ಲಿ ಬಿಡುಗಡೆಯಾಯಿತು, ಅಮೆರಿಕದಲ್ಲಿ 2003ರ ಜೂನ್‌ನಲ್ಲಿ.

ಮೊದಲು ಮದುವೆ ವಿಡಿಯೊ ಅಂದ ಗೆಳೆಯನ ಮಾತು. ಅವನು ತಮಾಷೆಗೆ ಹೇಳಿರಬಹುದು, ಆದರೆ ತಾಂತ್ರಿಕವಾಗಿ ಅದು ಪಕ್ಕಾ ಸರಿ. ಈ ಸಿನಿಮಾದ ಬಹುಪಾಲು ಶೂಟಿಂಗ್ ಆಗಿದ್ದು ಕ್ಯಾನನ್ ಎಕ್ಸ್ಎಲ್1 ಅನ್ನುವ ಮಿನಿ ಡಿವಿ ಕ್ಯಾಮೆರಾದಲ್ಲಿ. 2000ದ ಆಸುಪಾಸಿನಲ್ಲಿ ನಮ್ಮ ಕಲ್ಯಾಣ ಮಂಟಪಗಳಲ್ಲಿ ಓಡಾಡುತ್ತಿದ್ದ ಕ್ಯಾಮೆರಾಗಳೂ ಇದೇ ಜಾತಿಯವು. ಅದೇ ಪುಟ್ಟ ಕ್ಯಾಸೆಟ್, ಅದೇ ಗುಣಮಟ್ಟ. ಯೂರೋಪಿನ ಟಿವಿಗಳ ಪಾಲ್ ಪದ್ಧತಿಯಲ್ಲಿ ಮಿನಿ ಡಿವಿಯ ಒಂದು ಫ್ರೇಮು ಅಂದರೆ 720 ಅಡ್ಡ, 576 ಉದ್ದ. ಗುಣಿಸಿದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಇವತ್ತಿನ ಫುಲ್ ಎಚ್‌ಡಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ, ಅಂದರೆ ಸರಿಯಾಗಿ ಐದು ಪಟ್ಟು. ಅದಕ್ಕೇ ಈ ಸಿನಿಮಾವನ್ನು ಬ್ಲೂ-ರೇ ತಂದು ನೋಡಿದರೂ ಅಷ್ಟೇ, ದೊಡ್ಡ ಟಿವಿಯಲ್ಲಿ ಹಾಕಿದರೂ ಅಷ್ಟೇ. ಇಲ್ಲದ ಚುಕ್ಕಿಯನ್ನು ಯಾವ ಡಿಸ್ಕೂ ತಂದುಕೊಡುವುದಿಲ್ಲ. 'ಪ್ರಿಂಟ್ ಸರಿ ಇಲ್ಲ' ಅಂತ ಬೈಯುವವರಿಗೆ ಇದು ಗೊತ್ತಿರುವುದಿಲ್ಲ ಅಷ್ಟೇ.

ಅವರಿಗೆ ಬೇರೆ ಕ್ಯಾಮೆರಾ ಗೊತ್ತಿರಲಿಲ್ಲ ಅಂತಲ್ಲ. ಛಾಯಾಗ್ರಾಹಕ ಆಂಥನಿ ಡಾಡ್ ಮ್ಯಾಂಟಲ್ ಇಂಥ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲೇ 1998ರಲ್ಲಿ ಡೆನ್ಮಾರ್ಕಿನಲ್ಲಿ ಸಿನಿಮಾ ಮಾಡಿ ಹೆಸರಾಗಿದ್ದವರು. ಮುಂದೆ 'ಸ್ಲಮ್‌ಡಾಗ್ ಮಿಲಿಯನೇರ್'ಗೆ ಆಸ್ಕರ್ ತೆಗೆದುಕೊಂಡವರೂ ಅವರೇ. ಇಲ್ಲಿ ಆ ಕ್ಯಾಮೆರಾ ಬೇಕಾಗಿದ್ದು ಮುಖ್ಯವಾಗಿ ಒಂದು ಕಾರಣಕ್ಕೆ: ಖಾಲಿ ಲಂಡನ್. ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಿನವಿಡೀ ಮುಚ್ಚಿಸುವ ದುಡ್ಡು ಅವರ ಹತ್ತಿರ ಇರಲಿಲ್ಲ. ಇದ್ದರೂ ಯಾರು ಬಿಡುತ್ತಾರೆ? ಬೆಳಗಿನ ಜಾವ ಬೆಳಕು ಹರಿಯುವ ಹೊತ್ತಿಗೆ ಕೆಲವೇ ನಿಮಿಷ ವಾಹನ ತಡೆಯುತ್ತಿದ್ದರು. ಅಷ್ಟರಲ್ಲಿ ಒಂದೇ ದೃಶ್ಯವನ್ನು ಹಲವು ಸಣ್ಣ ಕ್ಯಾಮೆರಾಗಳಿಂದ ಒಟ್ಟಿಗೇ ತೆಗೆದು ಜಾಗ ಖಾಲಿ ಮಾಡುತ್ತಿದ್ದರು. ದೊಡ್ಡ ಫಿಲಂ ಕ್ಯಾಮೆರಾ ಆಗಿದ್ದರೆ ಜೋಡಿಸುವುದರಲ್ಲೇ ಸೂರ್ಯ ನೆತ್ತಿಗೆ ಬರುತ್ತಿದ್ದ. ನಿಮಗೆ ಹಿಡಿಸಿದ ಮೊದಲ ಭಾಗವೂ ಆ ಗೆಳೆಯನಿಗೆ ಹಿಡಿಸದ ಮಸುಕೂ ಒಂದೇ ನಿರ್ಧಾರದಿಂದ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗ ದಾರಿಯೇ ಇರಲಿಲ್ಲ.

ಸೋಂಕಿತರು ಓಡಿ ಬರುವ ದೃಶ್ಯಗಳಲ್ಲಿ ಇನ್ನೊಂದು ಕೈಚಳಕ ಇದೆ. ಅಲ್ಲಿ ಶಟರ್ ವೇಗವನ್ನು ಏರಿಸಿದ್ದಾರೆ, ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬಿಡುವ ಹೊತ್ತನ್ನು ಕಡಿಮೆ ಮಾಡಿದ್ದಾರೆ. ಮಾಮೂಲಿಯಾಗಿ ಓಡುವ ಮನುಷ್ಯನ ಕೈಕಾಲು ಪ್ರತಿ ಫ್ರೇಮಿನಲ್ಲೂ ಸ್ವಲ್ಪ ಕಲಸಿಕೊಂಡು ಕಾಣುತ್ತದೆ. ಆ ಕಲಸಾಟದಿಂದಲೇ ಓಟ ನಮಗೆ ಸಲೀಸಾಗಿ ಕಾಣುವುದು. ಶಟರ್ ವೇಗ ಏರಿಸಿದರೆ ಅದು ಮಾಯವಾಗುತ್ತದೆ. ಚಲನೆ ತುಂಡು ತುಂಡಾಗಿ, ಝಟಕಾ ಹೊಡೆದಂತೆ ಕಣ್ಣಿಗೆ ಬೀಳುತ್ತದೆ. ಜೊತೆಗೆ ಸೋಂಕಿತರ ಪಾತ್ರಕ್ಕೆ ಕ್ರೀಡಾಪಟುಗಳನ್ನು ಹುಡುಕಿ ಹಾಕಿಕೊಂಡಿದ್ದರು. ನಿಜಕ್ಕೂ ವೇಗವಾಗಿ ಓಡುವ ದೇಹ, ಅದರ ಮೇಲೆ ಈ ತುಂಡು ಚಲನೆ, ಅದರ ಮೇಲೆ ಮುಖ ಸರಿಯಾಗಿ ಕಾಣದ ಮಸುಕು. ಮೇಕಪ್ಪಿಗೆ ದುಡ್ಡು ಸುರಿಯುವ ಬದಲು ಮುಖವನ್ನೇ ಸರಿಯಾಗಿ ತೋರಿಸಲಿಲ್ಲ. ಇದು ಜಾಣತನವೋ ಜಿಪುಣತನವೋ ಅಂತ ಕೇಳಿದರೆ, ಎರಡೂ.

ಒಂದು ಸಂಗತಿ ನಿಮ್ಮಲ್ಲಿ ಯಾರೂ ಹೇಳಿಲ್ಲ. ಕೊನೆಯಲ್ಲಿ ಗುಡ್ಡದ ನಡುವಿನ ಮನೆಯ ದೃಶ್ಯ ಬರುತ್ತದಲ್ಲ, ಅದನ್ನು ಮಾತ್ರ 35 ಎಂಎಂ ಫಿಲಂನಲ್ಲಿ ತೆಗೆದಿದ್ದಾರೆ. ಹಸಿರು ಹಸಿರಾಗಿ, ಆಕಾಶ ಆಕಾಶದ ಹಾಗೆ ಕಾಣುವುದು ಅಲ್ಲೇ. ತುಂಬಾ ಜನರಿಗೆ ಆ ಜಾಗದಲ್ಲಿ ಉಸಿರು ಹಗುರಾಗುತ್ತದೆ, ಯಾಕೆ ಅಂತ ಹೇಳಲು ಬರುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಆ ದೃಶ್ಯವನ್ನು ಎರಡು ಸಲ ತೋರಿಸಿದರೂ ಕ್ಯಾಮೆರಾ ಬದಲಾಗಿದೆ ಅಂತ ಗುರುತಿಸುವವರು ಅಪರೂಪ. ಹಗುರ ಅನಿಸಿತು ಅನ್ನುವವರು ಮಾತ್ರ ಬೇಕಾದಷ್ಟು.

ಬಜೆಟ್ ಬಗ್ಗೆ ಒಂದು ಮಾತು. ಖರ್ಚಾಗಿದ್ದು ಸುಮಾರು 80 ಲಕ್ಷ ಡಾಲರ್. ಆಗಿನ ರೂಪಾಯಿ ಲೆಕ್ಕದಲ್ಲಿ 35ರಿಂದ 40 ಕೋಟಿ. ಆ ಕಾಲದ ಕನ್ನಡ ನಿರ್ಮಾಪಕರಿಗೆ ಇದನ್ನು 'ಕಡಿಮೆ ಬಜೆಟ್' ಅಂದರೆ ನಕ್ಕುಬಿಡುತ್ತಿದ್ದರು. ಆದರೆ ಒಂದು ದೇಶವೇ ಮುಳುಗಿಹೋದ ಕಥೆಗೆ ಹಾಲಿವುಡ್ ಸುರಿಯುವ ದುಡ್ಡಿನ ಮುಂದೆ ಇದು ಚಿಲ್ಲರೆ. ಗಳಿಸಿದ್ದು ಪ್ರಪಂಚದಾದ್ಯಂತ 8 ಕೋಟಿ ಡಾಲರಿಗೂ ಹೆಚ್ಚು. ಹಾಗಂತ ಗಳಿಕೆ ನೋಡಿ ಸಿನಿಮಾ ಚೆನ್ನಾಗಿದೆ ಅನ್ನುವವರ ವಾದಕ್ಕೆ ನಾನು ಬೆಲೆ ಕೊಡುವುದಿಲ್ಲ. ಸರಾಸರಿ ಅಂಕಕ್ಕೂ ಅಷ್ಟೇ. ಹತ್ತಕ್ಕೆ ಏಳೂವರೆ ಅಂತ ಎಲ್ಲೋ ಬರೆದಿದ್ದರೆ ಅದು ಎಲ್ಲರಿಗೂ ಸುಮಾರಾಗಿ ಇಷ್ಟವಾಯಿತು ಅಂತಲ್ಲ. ಕುದಿಯುವ ನೀರು, ತಣ್ಣೀರು ಬೆರೆಸಿ ಉಗುರು ಬೆಚ್ಚಗಿದೆ ಅಂದ ಹಾಗೆ. ನಿಮ್ಮ ಆರು ಜನರಲ್ಲಿ ಯಾರಿಗಾದರೂ 'ಸುಮಾರು' ಅನಿಸಿತಾ? ಇಲ್ಲ, ಅಲ್ವಾ?

ಜಾಂಬಿಯೋ ಅಲ್ಲವೋ ಅನ್ನುವ ಜಗಳವನ್ನು ಬೇಗ ಮುಗಿಸೋಣ. ಇಲ್ಲಿ ಸತ್ತವರು ಏಳುವುದಿಲ್ಲ. ಎಲ್ಲರೂ ಜೀವಂತ ರೋಗಿಗಳು. ಎದೆಗೆ ಗುಂಡು ಬಿದ್ದರೂ ಸಾಯುತ್ತಾರೆ, ಊಟ ಇಲ್ಲದಿದ್ದರೂ ಸಾಯುತ್ತಾರೆ. 1968ರಲ್ಲಿ ಅಮೆರಿಕದ ಜಾರ್ಜ್ ರೊಮೆರೊ ಸುಮಾರು 1,14,000 ಡಾಲರಿನಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿ, ನಿಧಾನಕ್ಕೆ ಕಾಲೆಳೆದು ಬರುವ ಹೆಣಗಳನ್ನು ಜಗತ್ತಿಗೇ ಪರಿಚಯ ಮಾಡಿಸಿದರು. ಆ ರೂಢಿಗೆ ಒಗ್ಗಿದವರಿಗೆ ಓಡುವ ಸೋಂಕಿತರು ಮೋಸ ಅನಿಸುತ್ತಾರೆ. ಓಡುವವರನ್ನು ಮೊದಲು ತಂದಿದ್ದು ಬಾಯ್ಲ್ ಅನ್ನುವುದೂ ನಿಜವಲ್ಲ, 1980ರ ದಶಕದಲ್ಲೇ ಅಂಥವರು ತೆರೆಗೆ ಬಂದಿದ್ದರು. ಆದರೆ ರೂಢಿ ಬದಲಾಗಿದ್ದು ಈ ಸಿನಿಮಾದಿಂದ. ಅದೇ ರೊಮೆರೊ 1973ರಲ್ಲಿ 'ದಿ ಕ್ರೇಜೀಸ್' ಅಂತ ಇನ್ನೊಂದು ಮಾಡಿದ್ದರು. ಸಣ್ಣ ಊರೊಂದರ ನೀರಿಗೆ ಜೈವಿಕ ಅಸ್ತ್ರದ ವೈರಸ್ ಸೇರಿ ಜನ ಹುಚ್ಚರಾಗುವ ಕಥೆ. ನಿಮ್ಮ ಸಿನಿಮಾದ ಹತ್ತಿರದ ನೆಂಟ ಅದು, ಜಾಂಬಿಗಳಲ್ಲ. ಆ ಗೆಳೆಯನಿಗೆ ಅದನ್ನು ನೋಡಲು ಹೇಳಿ.

ಈಗ ವೈರಸ್. ಮೆಡಿಕಲ್ ಗೆಳೆಯ ನಕ್ಕಿದ್ದು ಸರಿಯೇ. ಯಾವ ವೈರಸ್ಸಾದರೂ ಮೊದಲು ಜೀವಕೋಶದ ಒಳಗೆ ಹೋಗಬೇಕು, ಅಲ್ಲಿ ತನ್ನ ನಕಲು ಮಾಡಿಕೊಳ್ಳಬೇಕು, ಆಮೇಲೆ ಪಕ್ಕದ ಕೋಶಗಳಿಗೆ ಹರಡಬೇಕು. ಇದಕ್ಕೆ ಗಂಟೆಗಳೇ ಬೇಕು, ಸೆಕೆಂಡುಗಳು ಸಾಲುವುದಿಲ್ಲ. ಸಿನಿಮಾದ ವೈರಸ್ಸಿಗೆ ಹತ್ತಿರ ಇರುವ ನಿಜವಾದ ಕಾಯಿಲೆ ಅಂದರೆ ರೇಬೀಸ್. ಜೊಲ್ಲಿನಿಂದ, ಕಡಿತದಿಂದ ಹರಡುತ್ತದೆ. ಮಿದುಳಿಗೆ ತಗಲುತ್ತದೆ. ಒಂದು ಬಗೆಯಲ್ಲಿ ರೋಗಿ ಕೆರಳುತ್ತಾನೆ. ಲಕ್ಷಣ ಶುರುವಾದ ಮೇಲೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಆದರೆ ಅದು ನರಗಳ ದಾರಿ ಹಿಡಿದು ನಿಧಾನಕ್ಕೆ ಮಿದುಳಿಗೆ ಹೋಗುತ್ತದೆ, ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಕಡಿತವಾದ ಕೂಡಲೇ ಲಸಿಕೆ ಕೊಟ್ಟರೆ ಬದುಕಿಸಬಹುದು ಅನ್ನುವುದೇ ಈ ನಿಧಾನದಿಂದ. ಎಬೋಲಾಕ್ಕೆ 2ರಿಂದ 21 ದಿನ ಬೇಕು. ಕೋವಿಡ್ ಕಾಲದ 14 ದಿನದ ಕ್ವಾರಂಟೈನ್ ನಿಮಗೂ ನೆನಪಿದೆ.

ಶುರುವಿನ ಚಿಂಪಾಂಜಿ ದೃಶ್ಯ ನೋಡಿದಾಗ ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಾಗದೆ ಇರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ ಅದು. ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದು ಮೊದಲ ಸೂಚನೆ. ಮನುಷ್ಯರಿಗೆ ಹತ್ತುವುದು ಮುಖ್ಯವಾಗಿ ಉಣ್ಣಿಯಿಂದ. ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಅಂದರೆ ನಿಜ ಜೀವನದಲ್ಲಿ ಕಾಡು, ಪ್ರಾಣಿ, ಉಣ್ಣಿ, ಸೌದೆಗೆ ಹೋದ ಮನುಷ್ಯ ಅಂತ ಉದ್ದ ಸರಪಳಿ ಇರುತ್ತದೆ. ಸಿನಿಮಾ ಆ ಸರಪಳಿಯನ್ನೆಲ್ಲ ಕತ್ತರಿಸಿ, ಒಂದು ಕಡಿತ, ಇಪ್ಪತ್ತು ಸೆಕೆಂಡು ಅಂತ ಮಾಡಿಟ್ಟಿದೆ.

ಯಾಕೆ ಹಾಗೆ? ನನ್ನ ಕೆಲಸದ ಕಣ್ಣಿನಿಂದ ನೋಡಿದರೆ ಆ ಇಪ್ಪತ್ತು ಸೆಕೆಂಡು ವೈದ್ಯಶಾಸ್ತ್ರದ ನಿಯಮವೇ ಅಲ್ಲ, ಎಡಿಟಿಂಗ್ ನಿಯಮ. ಬೇರೆ ಸೋಂಕು ಸಿನಿಮಾಗಳಲ್ಲಿ ಕಡಿತವಾದವನು ಗಾಯ ಮುಚ್ಚಿಟ್ಟುಕೊಂಡು ಅರ್ಧ ಗಂಟೆ ಓಡಾಡುತ್ತಾನೆ. ನೋಡುಗ ಅನುಮಾನದಲ್ಲಿ ಕೂತಿರುತ್ತಾನೆ. ಈ ಸಿನಿಮಾ ಆ ಅನುಮಾನವನ್ನೇ ಬಿಟ್ಟುಕೊಟ್ಟಿತು. ಬದಲಿಗೆ ಪಡೆದಿದ್ದು ಫ್ರ್ಯಾಂಕ್ ಸಾಯುವ ದೃಶ್ಯ. ಮೇಲೆ ಹೆಣ ಕುಕ್ಕುತ್ತಾ ಕೂತ ಕಾಗೆಯನ್ನು ಓಡಿಸಲು ಹೋದಾಗ ಒಂದು ಹನಿ ರಕ್ತ ಅವನ ಕಣ್ಣಿಗೆ ಬೀಳುತ್ತದೆ. ಅವನಿಗೆ ಏನಾಯಿತು ಅಂತ ಅವನಿಗೇ ಗೊತ್ತು. ಮಗಳಿಗೆ ಪ್ರೀತಿಯ ಒಂದು ಮಾತು ಹೇಳಿ, ಮರುಕ್ಷಣ ದೂರ ಹೋಗು ಅಂತ ಕಿರುಚಬೇಕು. ಅಷ್ಟಕ್ಕೇ ಸಮಯ. ರೋಗ ಒಂದು ದಿನ ತೆಗೆದುಕೊಳ್ಳುತ್ತಿದ್ದರೆ ಅಲ್ಲಿ ಅಳು, ವಿದಾಯ, ಹಿನ್ನೆಲೆ ಸಂಗೀತ ಎಲ್ಲ ಬರುತ್ತಿತ್ತು. ಬೇರೆಲ್ಲೂ ನೋಡಿರದಂಥ ದೃಶ್ಯ ಸಿಗುತ್ತಿರಲಿಲ್ಲ.

ಇನ್ನೂ ಒಂದು ವಿಷಯ ಇದೆ, ನಿಮ್ಮ ಮೆಡಿಕಲ್ ಗೆಳೆಯನಿಗೆ ಖುಷಿಯಾಗಬಹುದು. ಇಷ್ಟು ಬೇಗ ಕೆರಳಿಸುವ ವೈರಸ್ ಸಮುದ್ರ ದಾಟಲಾರದು. ಸೋಂಕು ತಗಲಿದವನು ಇಪ್ಪತ್ತು ಸೆಕೆಂಡಿನಲ್ಲಿ ಹೇಗೆ ವಿಮಾನ ಹತ್ತುತ್ತಾನೆ? ಪ್ಯಾರಿಸ್, ನ್ಯೂಯಾರ್ಕ್‌ಗಳಿಗೂ ಹರಡಿದೆ ಅಂತ ಸೆಲೀನಾ ಮೊದಲು ಹೇಳುತ್ತಾಳೆ. ಆದರೆ ಒಬ್ಬ ಸಾರ್ಜೆಂಟ್ ಆಮೇಲೆ ಬೇರೆ ಮಾತಾಡುತ್ತಾನೆ: ಜಗತ್ತು ಮಾಮೂಲಿಯಾಗಿ ನಡೆಯುತ್ತಿದೆ, ನಮ್ಮ ದ್ವೀಪಕ್ಕೆ ಮಾತ್ರ ಬೀಗ ಹಾಕಿದ್ದಾರೆ. ಕೊನೆಗೆ ವಿಮಾನ ಬಂದಾಗ ಅವನ ಮಾತೇ ನಿಜವಾಗುತ್ತದೆ. ಊಟ ಇಲ್ಲದೆ ಎಷ್ಟು ದಿನ ಬದುಕುತ್ತಾನೆ ನೋಡೋಣ ಅಂತ ಸೈನಿಕರ ಮುಖ್ಯಸ್ಥ ಮೇಜರ್ ವೆಸ್ಟ್ ಸೋಂಕಿತನೊಬ್ಬನನ್ನು ಸರಪಳಿಯಲ್ಲಿ ಕಟ್ಟಿಡುತ್ತಾನೆ. ಕೊನೆಯಲ್ಲಿ ಸೋಂಕಿತರು ಹಸಿವಿನಿಂದಲೇ ರಸ್ತೆ ಬದಿ ಬಿದ್ದು ಸಾಯುತ್ತಿರುತ್ತಾರೆ. ಮೊದಲ ನಿಯಮ ಸುಳ್ಳು, ಒಪ್ಪೋಣ. ಆದರೆ ಒಮ್ಮೆ ಹಾಕಿದ ನಿಯಮಕ್ಕೆ ಸಿನಿಮಾ ಕೊನೆತನಕ ನಿಷ್ಠೆಯಿಂದ ನಡೆದುಕೊಳ್ಳುತ್ತದೆ. ಕಥೆಗೆ ಬೇಕಾಗಿರುವುದು ಅಷ್ಟೇ. (ಕಗ್ಗತ್ತಲ ಸುರಂಗದೊಳಗೆ ಟ್ಯಾಕ್ಸಿ ನುಗ್ಗಿಸಿ ಟೈರ್ ಪಂಚರ್ ಮಾಡಿಕೊಳ್ಳುವುದನ್ನು ಮಾತ್ರ ನಾನು ಸಮರ್ಥಿಸಲ್ಲ. ಅದು ದಡ್ಡತನ ಅಂತ ಪಾತ್ರವೇ ಹೇಳಿದರೂ ದಡ್ಡತನ ದಡ್ಡತನವೇ.)

ನಮ್ಮಲ್ಲಿ ಈ ಸಿನಿಮಾ ನೋಡುವವರಿಗೆ ಒಂದು ಪದರ ಪೂರ್ತಿ ತಪ್ಪಿಹೋಗುತ್ತದೆ. ಶೂಟಿಂಗ್ ನಡೆದಿದ್ದು 2001ರಲ್ಲಿ. ಅದೇ ವರ್ಷ ಬ್ರಿಟನ್ನಿನ ಹಳ್ಳಿಗಳನ್ನು ಕಾಲುಬಾಯಿ ಜ್ವರ ಅಲ್ಲಾಡಿಸಿತ್ತು. ನಮ್ಮ ರೈತರಿಗೆ ಕಾಲುಬಾಯಿ ಜ್ವರ ಹೊಸದಲ್ಲ. ಲಸಿಕೆ ಹಾಕಿಸುತ್ತೇವೆ, ರೋಗ ಬಂದರೆ ಆರೈಕೆ ಮಾಡುತ್ತೇವೆ. ಅಲ್ಲಿನ ಸರ್ಕಾರ ಆರಿಸಿಕೊಂಡ ದಾರಿ ಬೇರೆ: ರೋಗ ಬಂದ ದನಕುರಿಗಳ ಜೊತೆ ಅಕ್ಕಪಕ್ಕದ ಆರೋಗ್ಯವಾಗಿದ್ದವನ್ನೂ ಕೊಲ್ಲುವುದು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಹೊಲಗಳಲ್ಲಿ ರಾಶಿ ಹಾಕಿ ಸುಟ್ಟರು. ಆ ಹೊಗೆ ದಿನಾ ಟಿವಿಯಲ್ಲಿ ಬರುತ್ತಿತ್ತು. ಹಳ್ಳಿಗಾಡಿನ ಕಾಲುದಾರಿಗಳನ್ನು ಮುಚ್ಚಿದರು. ಆಮೇಲಾಮೇಲೆ ಮೇ ತಿಂಗಳಲ್ಲಿ ಆಗಬೇಕಿದ್ದ ಚುನಾವಣೆಯೂ ಜೂನ್‌ಗೆ ಹೋಯಿತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಜಿಲ್ಲೆ ಕಂಬ್ರಿಯಾ. ಸಿನಿಮಾದ ಕೊನೆಯ ಗುಡ್ಡಗಳು ಅದೇ ಕಂಬ್ರಿಯಾದವು. ಅದಕ್ಕೂ ಮುಂಚೆ 1980, 90ರ ದಶಕಗಳಲ್ಲಿ ಹುಚ್ಚು ಹಸು ರೋಗ ಬಂದು, ತಿನ್ನುವ ಮಾಂಸದ ಮೇಲೂ ಸರ್ಕಾರದ ಮಾತಿನ ಮೇಲೂ ಜನರ ನಂಬಿಕೆ ಹೋಗಿತ್ತು. ಸೋಂಕು ಕಂಡರೆ ಸರ್ಕಾರ ಕೊಂದು ಸುಟ್ಟುಹಾಕುತ್ತದೆ, ಗಡಿ ಮುಚ್ಚುತ್ತದೆ ಅನ್ನುವುದು 2002ರ ಬ್ರಿಟಿಷ್ ನೋಡುಗನಿಗೆ ಕಲ್ಪನೆ ಅಲ್ಲ, ಕಳೆದ ವರ್ಷದ ಸುದ್ದಿ. ಅಮೆರಿಕದವರು ಅದೇ ಸಿನಿಮಾ ನೋಡಿದ್ದು 2001ರ ಸೆಪ್ಟೆಂಬರ್ 11ರ ದಾಳಿಯ ನೆನಪಿನಲ್ಲಿ. ಕಾಣೆಯಾದವರ ಚೀಟಿಗಳು ಅಂಟಿಸಿದ ಗೋಡೆಯ ದೃಶ್ಯ ಅವರಿಗೆ ನ್ಯೂಯಾರ್ಕಿನ ಬೀದಿಯಂತೆಯೇ ಕಂಡಿತು. ನೀವು ನೋಡಿದ್ದು ಕೋವಿಡ್ ಆದ ಮೇಲೆ. ಖಾಲಿ ರಸ್ತೆಯನ್ನು ನೀವು ನಿಜವಾಗಿಯೂ ನೋಡಿದ್ದೀರಿ. ಮೊದಲ ಭಾಗ ನಿಮ್ಮನ್ನು ಹಿಡಿದು ಕೂರಿಸಿದ್ದರಲ್ಲಿ ಅದರ ಪಾಲೂ ಇದೆ ಅಂತ ನನಗನಿಸುತ್ತದೆ.

ಸೈನಿಕರು ಬಂದ ಮೇಲೆ ಬೋರ್ ಅನ್ನುವುದು ನಿಮ್ಮ ದೂರು. ಈ ಸಿನಿಮಾದ ಮೇಲಿನ ದೂರುಗಳಲ್ಲಿ ಅತಿ ಹಳೆಯದು, ಅತಿ ಗಟ್ಟಿಯಾದದ್ದು ಇದೇ. ಮೊದಲ ಎರಡು ಪಾಲು ಪ್ರಯಾಣ. ಕೊನೆಯ ಪಾಲು ಒಂದು ಬಂಗಲೆ, ಅದರೊಳಗೆ ಬಂದೂಕು ಹಿಡಿದ ಗಂಡಸರು. ಮೇಜರ್ ವೆಸ್ಟ್ ತನ್ನ ಸೈನಿಕರಿಗೆ ಹೆಂಗಸರನ್ನು ಕೊಡುತ್ತೇನೆ ಅಂತ ಮಾತು ಕೊಟ್ಟಿರುತ್ತಾನೆ, ಆ ರೇಡಿಯೊ ಸಂದೇಶವೇ ಬಲೆ. ರೋಗದ ಸಿನಿಮಾ ನೋಡಲು ಬಂದವರಿಗೆ ಇಲ್ಲಿ ರೋಗ ಮೂಲೆ ಸೇರಿದಂತೆ ಅನಿಸುತ್ತದೆ. ಮೆಚ್ಚುವವರು ಹೇಳುವುದು: ಅದೇ ತಾನೇ ಸಿನಿಮಾದ ಮಾತು, ವೈರಸ್ ಇಲ್ಲದೆಯೂ ಮನುಷ್ಯ ಅಷ್ಟೇ ಕ್ರೂರಿ.

ಈ ಸಮರ್ಥನೆ ನನಗೆ ಅಷ್ಟು ಹಿಡಿಸುವುದಿಲ್ಲ. 'ಮನುಷ್ಯನೇ ನಿಜವಾದ ರಾಕ್ಷಸ' ಅನ್ನುವುದು ಇಂಥ ಎಲ್ಲಾ ಸಿನಿಮಾಗಳೂ ಹೇಳುವ ಮಾತು, ಹೇಳಿದ್ದಕ್ಕೆ ಬಹುಮಾನ ಕೊಡಬೇಕಿಲ್ಲ. ಸಮಸ್ಯೆ ವಿಚಾರದಲ್ಲಿಲ್ಲ. ಸೈಕಲ್ಲಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ ಜಿಮ್ ಒಂದೇ ರಾತ್ರಿಯಲ್ಲಿ ಸೈನಿಕರ ತುಕಡಿಯನ್ನೇ ಮುಗಿಸುವಷ್ಟು ಪಳಗುತ್ತಾನೆ. ಅಲ್ಲಿಯವರೆಗೆ ಅವನ ಭಯವನ್ನು ನಂಬಿದ್ದ ನೋಡುಗನಿಗೆ ಇದ್ದಕ್ಕಿದ್ದ ಹಾಗೆ ಹೀರೊ ಸಿಗುತ್ತಾನೆ. ನಿಮಗೆ ಬೋರ್ ಅನಿಸಿದ್ದು ಸೈನಿಕರಿಂದ ಅಲ್ಲ, ಜಿಮ್‌ಗೆ ಏನೂ ಆಗುವುದಿಲ್ಲ ಅಂತ ನಿಮಗೆ ಒಳಗೊಳಗೇ ಗೊತ್ತಾಗಿದ್ದರಿಂದ. ಬೇಕಾದರೆ ಇನ್ನೊಮ್ಮೆ ನೋಡಿ ಹೇಳಿ.

ಆದರೂ ಆ ಭಾಗದಲ್ಲಿ ಒಂದು ಕ್ಷಣಕ್ಕಾಗಿ ನಾನು ಎಲ್ಲವನ್ನೂ ಕ್ಷಮಿಸಿಬಿಡುತ್ತೇನೆ. ಶುರುವಿನಲ್ಲಿ ಸೆಲೀನಾ ತನ್ನ ಜೊತೆಗಾರ ಮಾರ್ಕ್‌ಗೆ ಸೋಂಕು ತಗಲಿದೆ ಅಂದ ಕೂಡಲೇ ಹಿಂದೆಮುಂದೆ ನೋಡದೆ ಮಚ್ಚಿನಿಂದ ಕೊಂದಿರುತ್ತಾಳೆ. ನಿನಗೂ ಹಾಗೇ ಆದರೆ ಒಂದು ಕ್ಷಣವೂ ಯೋಚಿಸುವುದಿಲ್ಲ ಅಂತ ಜಿಮ್‌ಗೆ ಹೇಳಿರುತ್ತಾಳೆ. ಕೊನೆಗೆ ಬಂಗಲೆಯಲ್ಲಿ ಜಿಮ್ ರಕ್ತ ಮೆತ್ತಿಕೊಂಡು, ಬರಿಗೈಯಿಂದ ಸೈನಿಕನೊಬ್ಬನ ಕಣ್ಣು ಕಿತ್ತು ಕೊಂದು ನಿಂತಾಗ ಸೋಂಕಿತನಿಗೂ ಅವನಿಗೂ ವ್ಯತ್ಯಾಸ ಕಾಣುವುದಿಲ್ಲ. ಸೆಲೀನಾ ಮಚ್ಚು ಎತ್ತುತ್ತಾಳೆ. ಹೊಡೆಯುವುದಿಲ್ಲ, ತಡೆಯುತ್ತಾಳೆ. ಆ ಇಪ್ಪತ್ತು ಸೆಕೆಂಡಿನ ನಿಯಮ, ಆ ಮಸುಕು ಚಿತ್ರ, ಮೊದಲ ಭಾಗದ ಆ ಮಾತು, ಎಲ್ಲವೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಚಿತ್ರ ಸ್ಫಟಿಕದಂತೆ ಸ್ಪಷ್ಟವಾಗಿದ್ದರೆ ಅವನ ಕಣ್ಣು ಸೋಂಕಿತರ ಹಾಗೆ ಕೆಂಪಾಗಿಲ್ಲ ಅಂತ ನಮಗೆ ಮೊದಲೇ ಗೊತ್ತಾಗಿಬಿಡುತ್ತಿತ್ತು.

ನೋಡುಗರ ಅಭಿಪ್ರಾಯ ಈ ಸಿನಿಮಾವನ್ನು ನಿಜಕ್ಕೂ ಬದಲಾಯಿಸಿದೆ ಅನ್ನುವುದು ನಿಮಗೆ ಗೊತ್ತಿರಲಿ. ಮೊದಲು ಅಂದುಕೊಂಡಿದ್ದ ಕೊನೆ ಬೇರೆ. ಗುಂಡೇಟು ತಿಂದ ಜಿಮ್ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಸೆಲೀನಾ, ಹಾನ್ನಾ ಇಬ್ಬರೇ ಬಂದೂಕು ಹಿಡಿದು ಬಾಗಿಲು ತಳ್ಳಿಕೊಂಡು ಹೊರಗೆ ನಡೆಯುತ್ತಾರೆ. ಅವರು ಬದುಕುತ್ತಾರೆ ಅನ್ನುವ ಧೈರ್ಯ ಕೊಡುವುದು ಬಾಯ್ಲ್, ಗಾರ್ಲೆಂಡ್ ಉದ್ದೇಶ. ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಅಂತ ಕೂರಿಸಿ ತೋರಿಸಿದ ನೋಡುಗರಿಗೆ ಕಂಡಿದ್ದು ಉಲ್ಟಾ: ಪಾಪ, ಇಬ್ಬರೂ ಸಾಯಲು ಹೋಗುತ್ತಿದ್ದಾರೆ. ಹಾಗಾಗಿ ಜಿಮ್ ಬದುಕುವ, ಗುಡ್ಡದ ಮನೆಯ ಕೊನೆ ಬಂತು. ಅಮೆರಿಕದಲ್ಲಿ ಬಿಡುಗಡೆಯಾಗಿ ಕೆಲವು ವಾರ ಆದ ಮೇಲೆ, 2003ರ ಜುಲೈನಲ್ಲಿ, ಹೆಸರುಗಳೆಲ್ಲ ಮುಗಿದ ನಂತರ ಜಿಮ್ ಸಾಯುವ ಕೊನೆಯನ್ನೂ ಸೇರಿಸಿ ತೋರಿಸಿದರು. ಎರಡನ್ನೂ ನೋಡಿ ಜನ ಇನ್ನೊಮ್ಮೆ ಟಿಕೆಟ್ ತೆಗೆದುಕೊಳ್ಳಲಿ ಅನ್ನುವ ವ್ಯಾಪಾರ ಬುದ್ಧಿಯೂ ಅದರಲ್ಲಿ ಇದ್ದಿರಬೇಕು, ಬಿಡಿ. ನನಗೆ ಜಿಮ್ ಸಾಯುವುದೇ ಇಷ್ಟ. ಆದರೆ ಪರೀಕ್ಷೆಯ ನೋಡುಗರ ಮಾತು ಕೇಳಿದ್ದು ತಪ್ಪು ಅನ್ನಲಾರೆ. ಅವರು 'ಸುಖಾಂತ್ಯ ಕೊಡಿ' ಅಂದಿದ್ದರೆ ಬೇರೆ ಮಾತು. ಅವರಿಗೆ ಅರ್ಥವಾಗಿದ್ದೇ ಬೇರೆ ಅನ್ನುವುದು ಅಲ್ಲಿ ಗೊತ್ತಾಯಿತು. ಅದು ಅಭಿರುಚಿಯ ವಿಷಯ ಅಲ್ಲ. ಸಿನಿಮಾ ಹೇಳಿದ್ದು ಅವರನ್ನು ತಲುಪಲಿಲ್ಲ.

ಇದಕ್ಕೆ ಹೊಂದುವ ಇನ್ನೊಂದು ಸಿನಿಮಾ ಸ್ಪೇನಿನ 'ರೆಕ್', 2007ರದ್ದು. ಬಾರ್ಸಿಲೋನಾದ ಒಂದೇ ಕಟ್ಟಡ, ಟಿವಿ ವರದಿಗಾರ್ತಿ, ಒಬ್ಬ ಕ್ಯಾಮೆರಾಮನ್, ಹೊರಗಿನಿಂದ ಬೀಗ. ಒಂದೂಕಾಲು ಗಂಟೆಯ ಚೂರು ಆಚೆ ಮುಗಿದುಹೋಗುತ್ತದೆ. ಅಲ್ಲೂ ನೋಡುಗರು ಎರಡು ಪಾಲು. ಕ್ಯಾಮೆರಾ ಅಲ್ಲಾಡಿ ತಲೆನೋವು ಬಂತು ಅನ್ನುವವರು ಒಂದು ಕಡೆ, ಅದರಿಂದಲೇ ಬೆವತೆ ಅನ್ನುವವರು ಇನ್ನೊಂದು ಕಡೆ. ಕೊನೆಯಲ್ಲಿ ರೋಗದ ಮೂಲಕ್ಕೆ ದೆವ್ವದ ನಂಟು ಬರುತ್ತದೆ. ಮರುವರ್ಷ ಅಮೆರಿಕದಲ್ಲಿ ಅದನ್ನು ಮತ್ತೆ ಮಾಡಿದಾಗ ದೆವ್ವ ತೆಗೆದು ರೇಬೀಸ್ ಇಟ್ಟರು. ವಿಜ್ಞಾನ ಜಾಸ್ತಿಯಾಯಿತು, ಭಯ ಕಡಿಮೆಯಾಯಿತು. ಕನಿಷ್ಠ ನನ್ನ ಮಟ್ಟಿಗೆ.

ಇನ್ನು ನಿಮ್ಮ ಕಿರುಚಿತ್ರ. ಫೋನಿನಲ್ಲಿ ಮಾಡುವುದಕ್ಕೆ ಸಂಕೋಚ ಬೇಡ. ಇದೇ ಬಾಯ್ಲ್, ಇದೇ ಡಾಡ್ ಮ್ಯಾಂಟಲ್ 2025ರಲ್ಲಿ ಬಂದ '28 ಇಯರ್ಸ್ ಲೇಟರ್'ನ ಬಹುಪಾಲನ್ನು ಐಫೋನಿನಲ್ಲಿ ತೆಗೆದರು. ಹಾಗಂತ 'ನೋಡಿ, ಫೋನ್ ಸಾಕು' ಅಂತ ಮೋಸ ಹೋಗಬೇಡಿ. ಆ ಫೋನುಗಳಿಗೆ ಕಟ್ಟಿದ ಲೆನ್ಸು, ಚೌಕಟ್ಟು ಎಲ್ಲ ದುಬಾರಿ ಸಾಮಾನು. ಆ ಸಿನಿಮಾದ ಖರ್ಚು ಸುಮಾರು 6 ಕೋಟಿ ಡಾಲರ್. ನೀವು ಕಲಿಯಬೇಕಿರುವುದು 2002ರ ಸಿನಿಮಾದಿಂದ. ನಿಮ್ಮ ಕೈಲಿ ಏನಾಗುವುದಿಲ್ಲ ಅಂತ ಮೊದಲೇ ಪಟ್ಟಿ ಮಾಡಿ. ಆ ಪಟ್ಟಿಗೆ ಹೊಂದುವಂತೆ ರೋಗದ ನಿಯಮ ಬರೆಯಿರಿ. ಮೇಕಪ್ ಬರುವುದಿಲ್ಲವಾ? ಮುಖದಲ್ಲಿ ಏನೂ ಕಾಣಿಸದ ರೋಗ ಮಾಡಿ. ಜನ ಸಿಗುವುದಿಲ್ಲವಾ? ಎಲ್ಲರೂ ಮನೆಯೊಳಗೆ ಬಾಗಿಲು ಹಾಕಿಕೊಂಡಿರುವ ಕಥೆ ಮಾಡಿ. ನಿಯಮ ಎರಡೇ ಇರಲಿ, ಆದರೆ ಅದನ್ನು ನೀವೇ ಮುರಿಯಬೇಡಿ.

ಕಚ್ಚಾ ಕಟ್, ಅಂದರೆ ಶಾಟುಗಳನ್ನೆಲ್ಲ ಮೊದಲ ಸಲ ಜೋಡಿಸಿದ ರೂಪ, ಆದ ಮೇಲೆ ನಾಲ್ಕೈದು ಜನರನ್ನು ಕೂರಿಸಿ ತೋರಿಸಿ. ಜೊತೆಗೆ ಕೆಲಸ ಮಾಡಿದವರು ಬೇಡ, ಅವರಿಗೆ ಎಲ್ಲವೂ ಮೊದಲೇ ಗೊತ್ತು. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಯಾರು ಎಲ್ಲಿ ಫೋನ್ ತೆಗೆದರು, ಎಲ್ಲಿ ಪಕ್ಕದವರ ಕಡೆ ತಿರುಗಿದರು, ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ 'ಹೇಗಿತ್ತು' ಅಂತ ಕೇಳಬೇಡಿ. 'ಕಥೆ ಹೇಳಿ' ಅನ್ನಿ, 'ರೋಗ ಹೇಗೆ ಹರಡುತ್ತದೆ' ಅಂತ ಕೇಳಿ. ನೀವು ಅಂದುಕೊಂಡಿದ್ದನ್ನು ಬಿಟ್ಟು ಬೇರೇನೋ ಹೇಳಿದರೆ ಆ ಜಾಗವನ್ನು ತಿದ್ದಲೇಬೇಕು, ವಾದ ಬೇಡ. 'ಹೀಗೆ ಮಾಡಿದ್ದರೆ ಚೆನ್ನಾಗಿತ್ತು' ಅನ್ನುವ ಸಲಹೆಗಳನ್ನು ಸುಮ್ನೆ ಕೇಳಿಸಿಕೊಂಡು ಬಿಡಿ. ಎಲ್ಲಿ ನೋವಿದೆ ಅಂತ ಹೇಳುವುದರಲ್ಲಿ ನೋಡುಗರು ತಪ್ಪುವುದು ಕಡಿಮೆ. ಔಷಧಿ ಹೇಳುವುದರಲ್ಲಿ ತಪ್ಪುವುದೇ ಜಾಸ್ತಿ. ಇಬ್ಬರು ಮೂವರು ಒಂದೇ ಜಾಗಕ್ಕೆ ಬೇರೆ ಬೇರೆ ಕಾರಣ ಕೊಟ್ಟು ಬೈದರೆ ಆ ಜಾಗ ಕೆಟ್ಟಿದೆ, ಕಾರಣ ಮಾತ್ರ ನೀವೇ ಹುಡುಕಬೇಕು. ಒಬ್ಬರು ತುಂಬಾ ಮೆಚ್ಚಿ ಇನ್ನೊಬ್ಬರು ತುಂಬಾ ಬೈದರೆ ಅದಕ್ಕೆ ಕೈ ಹಚ್ಚಬೇಡಿ, ನಿಮ್ಮ ಸಿನಿಮಾದಲ್ಲಿ ಬಹುಶಃ ಅದೇ ಒಳ್ಳೆಯ ಜಾಗ.

ಇನ್ನೊಂದು ಎಚ್ಚರ. ಕಚ್ಚಾ ಕಟ್‌ನಲ್ಲಿ ಚಿತ್ರ ಹೇಗಿದ್ದರೂ ನಡೆಯುತ್ತದೆ, ಬಣ್ಣ ತಿದ್ದದಿದ್ದರೂ ಪರವಾಗಿಲ್ಲ. ಧ್ವನಿಯನ್ನು ಮಾತ್ರ ಸರಿಮಾಡಿ ತೋರಿಸಿ. ಮಾತಿನ ಹಿಂದೆ ಫ್ಯಾನಿನ ಗುಂಯ್‌ಗುಡುವಿಕೆ, ಒಂದೊಂದು ಶಾಟಿಗೆ ಒಂದೊಂದು ಸದ್ದು ಇದ್ದರೆ ನೋಡುಗರಿಗೆ ಕಿರಿಕಿರಿಯಾಗುತ್ತದೆ. ಆದರೆ ಅದು ಧ್ವನಿಯಿಂದ ಅಂತ ಅವರಿಗೆ ತಿಳಿಯುವುದಿಲ್ಲ. 'ಪಿಕ್ಚರ್ ಯಾಕೋ ಸರಿ ಇಲ್ಲ' ಅನ್ನುತ್ತಾರೆ, ನೀವು ವಾರಗಟ್ಟಲೆ ಬಣ್ಣ ತಿದ್ದುತ್ತಾ ಕೂರುತ್ತೀರಿ.